ಬಾಡಿಗೆ ಗಾಡಿಯಲ್ಲಿ ಕೂಸು ಎಲ್ಲಿ ಕೂರಬೇಕು?

ನಮ್ಮ ಕಡೆ ಬಹಳಷ್ಟು ಮಕ್ಕಳು ಹುಟ್ಟಿದ ಮೇಲೆ ಮೊದಲ ಸಲ ಕಾರು ಹತ್ತುವುದು ಬಾಡಿಗೆ ಗಾಡಿಯಲ್ಲೇ. ಆಸ್ಪತ್ರೆಯಿಂದ ಮನೆಗೆ ಹೋಗುವ ದಿನ ಯಾರಾದರೂ ಒಬ್ಬರು ಗುರುತಿನ ಡ್ರೈವರ್‌ಗೆ ಫೋನ್ ಮಾಡುತ್ತಾರೆ. ಗಾಡಿ ಗೇಟಿನ ಹತ್ತಿರ ಬಂದು ನಿಲ್ಲುತ್ತದೆ. ಬಾಣಂತಿ ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಹಿಂದಿನ ಸೀಟಿನಲ್ಲಿ ಕೂರುತ್ತಾಳೆ. ಕೂಸು ಅಜ್ಜಿಯ ತೊಡೆ ಮೇಲೆ. ಆಮೇಲೆ ತೊಟ್ಟಿಲ ಕಾರ್ಯಕ್ಕೆ ಒಂದು ಗಾಡಿ, ತವರಿನಿಂದ ಗಂಡನ ಮನೆಗೆ ಕಳಿಸಿಕೊಡುವಾಗ ಒಂದು ಗಾಡಿ, ಜವಳ ತೆಗೆಸಲು ಹುಲಿಗಿಗೋ ಮಂತ್ರಾಲಯಕ್ಕೋ ಒಂದು ಗಾಡಿ, ಜ್ವರ ಇಳಿಯದೆ ಹೋದರೆ ರಾತ್ರೋರಾತ್ರಿ ಹುಬ್ಬಳ್ಳಿಗೆ ಒಂದು ಗಾಡಿ. ಊರೊಳಗೆ ನಾವು ಬೈಕು, ಆಟೋ, ಟಂಟಂನಲ್ಲಿ ಓಡಾಡುತ್ತೇವೆ. ದೂರ ಹೋಗಬೇಕು, ಅದೂ ಮಗು ಇದೆ ಅಂದಾಗ ಮಾತ್ರ ಗಾಡಿ ಮಾಡಿಕೊಂಡು ಹೋಗುತ್ತೇವೆ.

ಅಂದರೆ ನಮ್ಮ ಮಕ್ಕಳು ಅತಿ ದೂರ, ಅತಿ ವೇಗವಾಗಿ, ಲಾರಿಗಳ ನಡುವೆ ಹೆದ್ದಾರಿಯಲ್ಲಿ ಪ್ರಯಾಣ ಮಾಡುವುದು ಹಳದಿ ಬೋರ್ಡಿನ ಕಾರಿನಲ್ಲಿ. ಆ ಕಾರಿನಲ್ಲೇ ಅವರಿಗೆ ಅಂತ ಒಂದು ಸೀಟು, ಅಂದರೆ ಕಾರಿನ ಸೀಟಿನ ಮೇಲೆ ಕಟ್ಟಿ, ಮಗುವನ್ನು ಪಟ್ಟಿಯಿಂದ ಬಿಗಿದು ಕೂರಿಸುವ ಚಿಕ್ಕ ಸೀಟು, ಇರುವುದಿಲ್ಲ. ಈ ವಿಷಯ ನನ್ನ ತಲೆಯಲ್ಲಿ ಬಹಳ ದಿನದಿಂದ ಕೊರೆಯುತ್ತಿದೆ. ಅದಕ್ಕೇ ಇವತ್ತು ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ನನ್ನ ತಂಗಿ ಇಂಗ್ಲೆಂಡಿನಲ್ಲಿದ್ದಾಳೆ. ಅವಳಿಗೆ ಮಗು ಹುಟ್ಟಿದ ಮೇಲೆ ಮೊದಲ ಸಲ ಬಳ್ಳಾರಿಗೆ ಬರುವಾಗ, ಬೆಂಗಳೂರು ಏರ್‌ಪೋರ್ಟಿನಿಂದ ಮನೆ ತನಕ ಗಾಡಿ ಮಾತಾಡಿಕೊಡು ಅಂತ ನನಗೆ ಹೇಳಿದ್ದಳು. ಎಲ್ಲಾ ಕೇಳಿದ ಮೇಲೆ ಕೊನೆಗೆ, ‘ಕೂಸಿನ ಸೀಟು ನಾನೇ ತರ್ತೀನಿ, ಹಿಂದೆ ಬೆಲ್ಟ್ ಸರಿ ಇದೆಯಾ ಕೇಳು’ ಅಂದಳು. ನಾನು ಡ್ರೈವರ್‌ಗೆ ಕೇಳಿದೆ. ‘ಬೆಲ್ಟ್ ಅದಾವ್ರಿ ಅಕ್ಕಾರ, ಆದ್ರ ಅವು ಕವರ್ ಕೆಳಗ ಹೋಗ್ಯಾವು’ ಅಂದರು ಅವರು. ಬಹಳ ಒಳ್ಳೆಯ ಮನುಷ್ಯ. ಹೊರಡುವ ಹಿಂದಿನ ದಿನ ಸೀಟ್ ಕವರ್ ಬಿಚ್ಚಿ, ಕೆಳಗೆ ಹೂತುಹೋಗಿದ್ದ ಬಕಲ್ ಹೊರಗೆ ತೆಗೆದು, ಫೋಟೋ ಕಳಿಸಿದರು. ಕಾರು ತಗೊಂಡ ಮೇಲೆ ಹಿಂದಿನ ಬೆಲ್ಟ್ ಕೇಳಿದವರು ನೀವೇ ಮೊದಲು ಅಂತಲೂ ಹೇಳಿದರು.

ಆ ಮಾತು ನನಗೆ ಮರೆಯಲು ಆಗುತ್ತಿಲ್ಲ. ವರ್ಷಗಟ್ಟಲೆ ಓಡಿದ ಗಾಡಿ. ಎಷ್ಟು ಮದುವೆ, ಎಷ್ಟು ಜಾತ್ರೆ, ಎಷ್ಟು ಆಸ್ಪತ್ರೆ ನೋಡಿರಬೇಡ ಅದು! ಅದರಲ್ಲಿ ಎಷ್ಟು ಮಕ್ಕಳು ಕೂತಿರಬೇಡ!

ತಂಗಿಯ ಜೊತೆ ಆಮೇಲೆ ಕೂತು ಮಾತಾಡಿದಾಗ ಅಲ್ಲಿಯ ಕಾನೂನು ಗೊತ್ತಾಯಿತು. ಇಂಗ್ಲೆಂಡಿನಲ್ಲಿ ಮಗುವಿಗೆ 12 ವರ್ಷ ತುಂಬುವ ತನಕ, ಅಥವಾ 135 ಸೆಂಟಿಮೀಟರ್ ಎತ್ತರ ಬೆಳೆಯುವ ತನಕ, ಇದರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ, ಕಾರಿನಲ್ಲಿ ಅದರ ಅಳತೆಗೆ ತಕ್ಕ ಸೀಟು ಬೇಕೇ ಬೇಕು. ಸ್ವಂತ ಕಾರಿಗೆ ಈ ನಿಯಮ ಬಹಳ ಬಿಗಿ. ಆದರೆ ಟ್ಯಾಕ್ಸಿಗೆ ಬಂದಾಗ ಅಲ್ಲೂ ಸಡಿಲ. ಡ್ರೈವರ್ ಹತ್ತಿರ ಮಕ್ಕಳ ಸೀಟು ಇಲ್ಲದಿದ್ದರೆ ಮಗು ಹಿಂದಿನ ಸೀಟಿನಲ್ಲಿ ಹಾಗೇ ಹೋಗಬಹುದು. ಮೂರು ವರ್ಷ ದಾಟಿದ ಮಗುವಿಗೆ ದೊಡ್ಡವರ ಬೆಲ್ಟ್ ಹಾಕಬೇಕು. ಮೂರರ ಒಳಗಿನ ಮಗುವಿಗೆ ಅದೂ ಬೇಡ. ಸಣ್ಣ ಕೂಸಿಗೇ ಅತಿ ಕಡಿಮೆ ರಕ್ಷಣೆ! ಜಪಾನಿನಲ್ಲಿ 2000ದ ಏಪ್ರಿಲ್‌ನಿಂದ ಆರು ವರ್ಷದ ಒಳಗಿನ ಮಕ್ಕಳಿಗೆ ಸೀಟು ಕಡ್ಡಾಯ, ಟ್ಯಾಕ್ಸಿಗೆ ವಿನಾಯಿತಿ. ಸಿಂಗಾಪುರದಲ್ಲಿ 1.35 ಮೀಟರ್‌ಗಿಂತ ಗಿಡ್ಡ ಇರುವವರಿಗೆಲ್ಲ ಕಡ್ಡಾಯ, ಆದರೆ ಅಲ್ಲೂ ಟ್ಯಾಕ್ಸಿಗೆ ವಿನಾಯಿತಿ.

ಯಾಕೆ ಹೀಗೆ? ರಸ್ತೆಯಲ್ಲಿ ಕೈ ತೋರಿಸಿ ನಿಲ್ಲಿಸುವ ಟ್ಯಾಕ್ಸಿಯವನು ಯಾವ ವಯಸ್ಸಿನ ಮಗು ಹತ್ತುತ್ತದೆ ಅಂತ ಮೊದಲೇ ತಿಳಿದುಕೊಳ್ಳಲು ಆಗುವುದಿಲ್ಲ. ಒಂದು ವಾರದ ಕೂಸಿಗೂ ಐದು ವರ್ಷದ ಹುಡುಗನಿಗೂ ಒಂದೇ ಸೀಟು ಸರಿಹೋಗುವುದಿಲ್ಲ. ಎಲ್ಲಾ ಅಳತೆಯ ಸೀಟು ಡಿಕ್ಕಿಯಲ್ಲಿ ಹೊತ್ತುಕೊಂಡು ತಿರುಗಲು ಆಗುತ್ತಾ? ಆಗುವುದಿಲ್ಲ. ಅಲ್ಲಿಯ ಟ್ಯಾಕ್ಸಿ ಪ್ರಯಾಣ ಹೆಚ್ಚಾಗಿ ಊರೊಳಗಿನದು, ಸ್ಟೇಷನ್‌ನಿಂದ ಮನೆಗೆ, ಮನೆಯಿಂದ ಆಸ್ಪತ್ರೆಗೆ. ಆ ಲೆಕ್ಕದಲ್ಲಿ ವಿನಾಯಿತಿ ಕೊಟ್ಟಿದ್ದಾರೆ.

ನಮ್ಮ ಲೆಕ್ಕ ಪೂರ್ತಿ ಉಲ್ಟಾ. ಕೊಪ್ಪಳದವರು ಗಾಡಿ ಮಾಡುವುದು ಗವಿಮಠದಿಂದ ಬಸ್ ಸ್ಟ್ಯಾಂಡಿಗೆ ಹೋಗಲಿಕ್ಕೆ ಅಲ್ಲ. ಅವರು ಹುಬ್ಬಳ್ಳಿಗೆ ಹೋಗುತ್ತಾರೆ, ಗದಗ ದಾಟಿ, ಹೆದ್ದಾರಿ 67ರಲ್ಲಿ. ಸಿಂಧನೂರಿನವರು ಬಳ್ಳಾರಿಗೆ ಬರುವಾಗ ಸಿರುಗುಪ್ಪ ದಾಟಿಕೊಂಡು ಭತ್ತದ ಲೋಡಿನ ಟ್ರ್ಯಾಕ್ಟರ್, ರೈಸ್ ಮಿಲ್ಲಿನ ಲಾರಿಗಳನ್ನು ಹಿಂದೆ ಹಾಕುತ್ತಾ ಬರಬೇಕು. ಬಳ್ಳಾರಿಯಿಂದ ಹೊಸಪೇಟೆ ಕಡೆ ಹೊರಟರೆ ತೋರಣಗಲ್ಲಿನ ಹತ್ತಿರ ಸ್ಟೀಲ್ ಫ್ಯಾಕ್ಟರಿಯ ಟ್ರೇಲರ್‌ಗಳು, ಸಂಡೂರು ಕಡೆಯಿಂದ ಬರುವ ಅದಿರಿನ ಲಾರಿಗಳು. ರಾತ್ರಿ ಹೊತ್ತು ಇಂಡಿಕೇಟರ್ ಇಲ್ಲದೆ ರಸ್ತೆ ಬದಿ ನಿಂತ ಟಿಪ್ಪರ್‌ಗಳು ಬೇರೆ. ಇಲ್ಲಿ ಬಾಡಿಗೆ ಗಾಡಿ ಅಂದರೆನೇ ದೂರದ ಪ್ರಯಾಣ. ಬೇರೆ ದೇಶದವರು ಟ್ಯಾಕ್ಸಿಗೆ ಯಾಕೆ ವಿನಾಯಿತಿ ಕೊಟ್ಟರೋ ಆ ಕಾರಣ ನಮ್ಮಲ್ಲಿ ಇಲ್ಲವೇ ಇಲ್ಲ.

ಇನ್ನೊಂದು ಮಾತು. ನಮ್ಮಲ್ಲಿ ಗಾಡಿಯನ್ನು ಹಿಂದಿನ ದಿನವೇ ಫೋನ್ ಮಾಡಿ ಹೇಳುತ್ತೇವೆ. ಎಷ್ಟು ಜನ, ಎಷ್ಟು ಲಗೇಜು, ಕ್ಯಾರಿಯರ್ ಬೇಕಾ, ಎಸಿ ಹಾಕಬೇಕಾ, ಎಲ್ಲಾ ಮಾತಾಗುತ್ತದೆ. ಕಿಲೋಮೀಟರಿಗೆ ಎಷ್ಟು, ಡ್ರೈವರ್ ಬಾಟಾ ಎಷ್ಟು ಅಂತ ಅರ್ಧ ಗಂಟೆ ಚೌಕಾಸಿ ನಡೆಯುತ್ತದೆ. ಆ ಮಾತಿನ ಜೊತೆಗೇ ಮಗುವಿನ ಸೀಟಿನ ಮಾತನ್ನೂ ಸೇರಿಸಲು ಏನು ಕಷ್ಟ?

ಇನ್ನು ನಮ್ಮ ಕಾನೂನು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂತಲ್ಲ, ಆಗ ಎಲ್ಲರೂ ಹೆಲ್ಮೆಟ್ ದಂಡದ ಬಗ್ಗೆಯೇ ಮಾತಾಡಿದರು. ಅದೇ ತಿದ್ದುಪಡಿಯಲ್ಲಿ 194ಬಿ ಅಂತ ಒಂದು ಕಲಂ ಸೇರಿತು. 14 ವರ್ಷ ತುಂಬದ ಮಗುವಿಗೆ ಸೀಟ್ ಬೆಲ್ಟ್ ಆಗಲಿ, ಮಕ್ಕಳ ಸೀಟಿನಂಥ ವ್ಯವಸ್ಥೆ ಆಗಲಿ ಇಲ್ಲದೆ ಗಾಡಿ ಓಡಿಸಿದರೆ ಸಾವಿರ ರೂಪಾಯಿ ದಂಡ. ಓಡಿಸಿದವರಿಗೆ ಮಾತ್ರ ಅಲ್ಲ, ಹಾಗೆ ಓಡಿಸಲು ಬಿಟ್ಟವರಿಗೂ ಅನ್ವಯ. 2019ರ ಸೆಪ್ಟೆಂಬರ್ 1ರಿಂದ ಇದು ಜಾರಿಯಲ್ಲಿದೆ. ಮಕ್ಕಳ ಬಗ್ಗೆ ಹೇಳುವ ಆ ಸಾಲಿನಲ್ಲಿ ಸ್ವಂತ ಕಾರು, ಬಾಡಿಗೆ ಕಾರು ಅಂತ ಭೇದ ಮಾಡಿಲ್ಲ. ಹಳದಿ ಬೋರ್ಡಿಗೂ ಅದೇ, ಬಿಳಿ ಬೋರ್ಡಿಗೂ ಅದೇ.

ಇಷ್ಟು ಇದ್ದೂ ಅದರಲ್ಲಿ ಒಂದು ದೊಡ್ಡ ಕೊರತೆ ಇದೆ. ಯಾವ ವಯಸ್ಸಿಗೆ ಬೆಲ್ಟ್, ಯಾವ ವಯಸ್ಸಿಗೆ ಮಕ್ಕಳ ಸೀಟು ಅಂತ ಆ ಕಲಂ ಬಿಡಿಸಿ ಹೇಳುವುದಿಲ್ಲ. ಎರಡರಲ್ಲಿ ಒಂದು ಇದ್ದರೆ ಆಯಿತು. ಎರಡು ವರ್ಷದ ಮಗುವಿಗೆ ದೊಡ್ಡವರ ಬೆಲ್ಟ್ ಹಾಕಿದರೆ ಅದು ಕುತ್ತಿಗೆ ಮೇಲೆ, ಹೊಟ್ಟೆ ಮೇಲೆ ಬರುತ್ತದೆ. ಜೋರಾಗಿ ಬ್ರೇಕ್ ಬಿದ್ದರೆ ಮಗು ಕೆಳಗಿನಿಂದ ಜಾರುತ್ತದೆ, ಇಲ್ಲದಿದ್ದರೆ ಬೆಲ್ಟೇ ಹೊಟ್ಟೆಯೊಳಗೆ ಒತ್ತುತ್ತದೆ. ಬೆಲ್ಟ್ ಹಿಡಿಯಬೇಕಾದ್ದು ಸೊಂಟದ ಮೂಳೆ ಮತ್ತು ಭುಜದ ಮೂಳೆಯನ್ನು. ಸಣ್ಣ ಮಗುವಿನ ಮೈಯಲ್ಲಿ ಬೆಲ್ಟ್ ಆ ಜಾಗಕ್ಕೆ ಬರುವುದೇ ಇಲ್ಲ.

ಬೈಕಿನ ವಿಷಯದಲ್ಲಿ ಸರ್ಕಾರ ಇದಕ್ಕಿಂತ ಬಿಡಿಸಿ ಬರೆದಿದೆ. 2022ರ ಫೆಬ್ರವರಿಯಲ್ಲಿ ಬಂದ ನಿಯಮದ ಪ್ರಕಾರ ನಾಲ್ಕು ವರ್ಷದ ಒಳಗಿನ ಮಗು ಬೈಕಿನಲ್ಲಿದ್ದರೆ ಅದನ್ನು ಓಡಿಸುವವರಿಗೆ ಕಟ್ಟುವ ಪಟ್ಟಿ ಬೇಕು, ಒಂಬತ್ತು ತಿಂಗಳು ದಾಟಿದ ಮಗುವಿಗೆ ಹೆಲ್ಮೆಟ್ ಬೇಕು, ವೇಗ 40 ಕಿಲೋಮೀಟರ್ ಮೀರಬಾರದು. ಒಂದು ವರ್ಷದ ಗಡುವು ಕೊಟ್ಟು ಜಾರಿಗೆ ತಂದರು. ಕಾರಿಗೂ ಹೀಗೇ ವಯಸ್ಸು, ಎತ್ತರ ಬಿಡಿಸಿ ಬರೆಯಬಹುದಲ್ವಾ? ಬರೆಯಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಆದರೆ ಕಾನೂನಿಗಿಂತ ದೊಡ್ಡ ಗೋಡೆ ನಮ್ಮ ಮನಸ್ಸಿನಲ್ಲೇ ಇದೆ. ತಾಯಿ ಮಡಿಲಿಗಿಂತ ಸುರಕ್ಷಿತ ಜಾಗ ಯಾವುದಿದೆ? ಇದು ನಮ್ಮ ಮನೆಗಳಲ್ಲಿ ಎಲ್ಲರೂ ಕೇಳುವ ಪ್ರಶ್ನೆ. ನಮ್ಮ ಅತ್ತೆಯೂ ಕೇಳಿದರು. ‘ಕೂಸಿನ್ನ ಕಟ್ಟಿ ಹಾಕಬ್ಯಾಡ್ರಿ, ನಾನು ಗಟ್ಟಿ ಹಿಡ್ಕಂತೀನಿ’ ಅಂದರು. ಆ ಮಾತಿನಲ್ಲಿ ಪ್ರೀತಿ ಬಿಟ್ಟರೆ ಬೇರೆ ಏನೂ ಇಲ್ಲ. ಹಾಗಾಗಿ ಅದಕ್ಕೆ ಉತ್ತರವನ್ನೂ ಪ್ರೀತಿಯಿಂದ, ಲೆಕ್ಕ ಹಾಕಿ ಹೇಳಬೇಕು.

ಏಳು ಕೆಜಿ ತೂಕದ ಕೂಸು. ಗಾಡಿ 60 ಕಿಲೋಮೀಟರ್ ವೇಗದಲ್ಲಿದೆ. ಎದುರಿನ ಲಾರಿಗೆ ಗುದ್ದಿ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತಿತು ಅಂತ ಇಟ್ಟುಕೊಳ್ಳಿ. ಸ್ಕೂಲಿನಲ್ಲಿ ಕಲಿತ ಲೆಕ್ಕವೇ ಇದು. ಗಂಟೆಗೆ 60 ಅಂದರೆ ಸೆಕೆಂಡಿಗೆ ಹದಿನಾರೂವರೆ ಮೀಟರ್‌ಗಿಂತ ಜಾಸ್ತಿ. ಅಷ್ಟು ವೇಗ ಅಷ್ಟು ಬೇಗ ಸೊನ್ನೆ ಆಗಬೇಕಾದರೆ ಮೈಮೇಲೆ ಬೀಳುವ ಬಲ ನಮ್ಮ ತೂಕದ ಸುಮಾರು 17 ಪಟ್ಟು. ಆ ಕ್ಷಣದಲ್ಲಿ ಕೂಸು ಮುಂದಕ್ಕೆ ಎಳೆಯುವ ಎಳೆತ 120 ಕೆಜಿಯ ಹತ್ತಿರ. ಗಂಗಾವತಿ, ಸಿಂಧನೂರಿನಲ್ಲಿ ಭತ್ತ ತೂಗುವ 75 ಕೆಜಿಯ ಚೀಲ ಇದೆಯಲ್ಲ, ಅಂಥ ಒಂದೂವರೆ ಚೀಲವನ್ನು ಕೂತಲ್ಲೇ, ಬರೀ ತೋಳಿನಲ್ಲಿ, ಮುನ್ಸೂಚನೆ ಇಲ್ಲದೆ ಹಿಡಿದು ನಿಲ್ಲಿಸಬೇಕು. ಯಾವ ಹಮಾಲನ ಕೈಲೂ ಆಗುವುದಿಲ್ಲ. ಯಾವ ತಾಯಿಯ ಕೈಲೂ ಆಗುವುದಿಲ್ಲ. ಪ್ರೀತಿ ಕಡಿಮೆ ಅಂತ ಅಲ್ಲ, ತೋಳಿಗೆ ಅಷ್ಟು ಶಕ್ತಿ ಇಲ್ಲ.

ಹಿಡಿದವರಿಗೂ ಬೆಲ್ಟ್ ಇಲ್ಲದಿದ್ದರೆ ಅವರ ಮೈಯೇ ಮಗುವಿನ ಮೇಲೆ ಬೀಳುತ್ತದೆ. ಕೆಲವರು ತಮ್ಮ ಬೆಲ್ಟಿನೊಳಗೇ ಮಗುವನ್ನೂ ಸೇರಿಸಿ ಹಾಕಿಕೊಳ್ಳುತ್ತಾರೆ. ಅದು ಇನ್ನೂ ಅಪಾಯ. ದೊಡ್ಡವರ ಭಾರ ಪೂರ್ತಿ ಮಗುವನ್ನು ಬೆಲ್ಟಿಗೆ ಒತ್ತುತ್ತದೆ.

ಹಿಂದೆ ಟಾಟಾ ಕಂಪನಿಯ ಮುಖ್ಯಸ್ಥರಾಗಿದ್ದ ಸೈರಸ್ ಮಿಸ್ತ್ರಿ ಅವರ ಅಪಘಾತ ನೆನಪಿದೆಯಾ? 2022ರ ಸೆಪ್ಟೆಂಬರ್ 4, ಪಾಲ್ಘರ್ ಹತ್ತಿರದ ಸೇತುವೆ. ದೊಡ್ಡ ಕಂಪನಿಯ ಬೆಲೆಬಾಳುವ ಕಾರು, ಏರ್‌ಬ್ಯಾಗ್ ಎಲ್ಲಾ ಇತ್ತು. ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ಕೂತಿದ್ದ ಅವರು ತೀರಿಕೊಂಡರು. ಅದಾದ ಮೇಲೆ ಸ್ವಲ್ಪ ದಿನ ಎಲ್ಲರ ಬಾಯಲ್ಲೂ ಹಿಂದಿನ ಬೆಲ್ಟಿನದೇ ಮಾತು. ಆಮೇಲೆ ತಣ್ಣಗಾಯಿತು. ಅದೇ 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡವರು 1,68,491 ಜನ. ಸೀಟ್ ಬೆಲ್ಟ್ ಹಾಕದೆ ಸತ್ತವರು 16 ಸಾವಿರಕ್ಕೂ ಜಾಸ್ತಿ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಗಾಡಿ ಓಡಿಸುತ್ತಿದ್ದವರಲ್ಲ, ಸುಮ್ನೆ ಕೂತಿದ್ದವರು. ಇದು ಕೇಂದ್ರ ಸಾರಿಗೆ ಇಲಾಖೆಯೇ ಕೊಟ್ಟ ಲೆಕ್ಕ.

ಮಕ್ಕಳ ಸೀಟು ನಿಜವಾಗಿ ಎಷ್ಟು ಉಳಿಸುತ್ತದೆ? ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆಯ ಅಂದಾಜಿನ ಪ್ರಕಾರ ಕಾರಿನಲ್ಲಿ ಒಂದು ವರ್ಷದ ಒಳಗಿನ ಕೂಸಿಗೆ ಸಾವಿನ ಅಪಾಯ ಶೇ 71ರಷ್ಟು, ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ಶೇ 54ರಷ್ಟು ಇಳಿಯುತ್ತದೆ. ಒಂದು ಪ್ಲಾಸ್ಟಿಕ್ ಚಿಪ್ಪು, ಸ್ವಲ್ಪ ಥರ್ಮಾಕೋಲ್, ಐದು ಪಟ್ಟಿ. ಇಷ್ಟರಿಂದ ಇಷ್ಟು ಜೀವ ಉಳಿಯುತ್ತದೆ ಅಂದರೆ ಅದಕ್ಕಿಂತ ಅಗ್ಗದ ಔಷಧ ಇನ್ನೊಂದು ಇದೆಯಾ?

ಕೂಸಿನ ಸೀಟನ್ನು ಹಿಂದುಮುಂದಾಗಿ, ಅಂದರೆ ಮುಖ ಗಾಡಿಯ ಹಿಂಭಾಗದ ಕಡೆಗೆ ಬರುವ ಹಾಗೆ, ಯಾಕೆ ಕಟ್ಟಬೇಕು ಅಂತ ಬಹಳ ಜನ ಕೇಳುತ್ತಾರೆ. ‘ಪಾಪ, ಏನೂ ಕಾಣಲ್ಲ ಅದಕ್ಕೆ’ ಅನ್ನುತ್ತಾರೆ. ಹುಟ್ಟಿದ ಕೂಸಿನ ಒಟ್ಟು ಉದ್ದದಲ್ಲಿ ತಲೆಯೇ ಸುಮಾರು ಕಾಲು ಭಾಗ. ಕುತ್ತಿಗೆ ಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ, ಮೆದು ಇರುತ್ತದೆ. ಮುಂದಕ್ಕೆ ಮುಖ ಮಾಡಿ ಕೂರಿಸಿದರೆ ಗಾಡಿ ಗುದ್ದಿದಾಗ ಮೈಯನ್ನು ಪಟ್ಟಿ ಹಿಡಿಯುತ್ತದೆ, ಆ ಭಾರದ ತಲೆ ಮಾತ್ರ ಮುಂದಕ್ಕೆ ಎಸೆದುಕೊಳ್ಳುತ್ತದೆ. ಹಿಂದುಮುಂದಾಗಿ ಕೂರಿಸಿದರೆ ಬೆನ್ನು, ಕುತ್ತಿಗೆ, ತಲೆ ಮೂರನ್ನೂ ಸೀಟಿನ ಬೆನ್ನೇ ಒಟ್ಟಿಗೆ ತಡೆಯುತ್ತದೆ. ಈ ಯೋಚನೆ ಸ್ವೀಡನ್ ದೇಶದ ಬರ್ಟಿಲ್ ಆಲ್ಡ್‌ಮನ್ ಎಂಬ ವೈದ್ಯರದು. 1960ರ ದಶಕದಲ್ಲಿ ಗಗನಯಾತ್ರಿಗಳು ಬೆನ್ನಿನ ಮೇಲೆ ಮಲಗಿ ಹಾರುವುದನ್ನು ಗಮನಿಸಿ, ಅದೇ ಉಪಾಯವನ್ನು ಅವರು ಮಕ್ಕಳ ಸೀಟಿಗೆ ತಂದರು. ಸ್ವೀಡನ್‌ನಲ್ಲಿ ಇವತ್ತಿಗೂ ನಾಲ್ಕು ವರ್ಷದ ತನಕ ಮಕ್ಕಳನ್ನು ಹೀಗೇ ಕೂರಿಸುವ ರೂಢಿ ಇದೆ.

ಇಲ್ಲಿ ಒಂದು ಎಚ್ಚರಿಕೆ, ದಯವಿಟ್ಟು ಮರೆಯಬೇಡಿ. ಹಿಂದುಮುಂದಾಗಿ ಕಟ್ಟುವ ಸೀಟನ್ನು ಡ್ರೈವರ್ ಪಕ್ಕದ ಸೀಟಿನಲ್ಲಿ ಇಡಲೇಬಾರದು. ಈಗಿನ ಹೊಸ ಕಾರುಗಳಲ್ಲಿ ಅಲ್ಲಿ ಏರ್‌ಬ್ಯಾಗ್ ಇರುತ್ತದೆ. ಅದು ಉಬ್ಬಲು ಸೆಕೆಂಡಿನ ಇಪ್ಪತ್ತನೇ ಒಂದು ಭಾಗವೂ ಬೇಡ. ಕೂಸಿನ ತಲೆ ಸರಿಯಾಗಿ ಅದರ ಎದುರಿಗೇ ಇರುತ್ತದೆ. ಬಿಸಿಲಿಗೆ ಅಡ್ಡ ಹಿಡಿಯುವ ಫಲಕದ ಮೇಲೆ ಇದರ ಚಿತ್ರ ಅಂಟಿಸಿರುತ್ತಾರೆ, ಯಾರೂ ನೋಡುವುದಿಲ್ಲ ಅಷ್ಟೇ. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಮುಂದಿನ ಸೀಟಿನಲ್ಲಿ ಕೂರುವುದಂತೂ ಬೇಡವೇ ಬೇಡ.

‘ನಮ್ದು ಫೈವ್ ಸ್ಟಾರ್ ಗಾಡಿ’ ಅಂತ ಈಗ ಡ್ರೈವರ್‌ಗಳೂ ಹೇಳತೊಡಗಿದ್ದಾರೆ. ಒಳ್ಳೆಯದೇ. 2023ರ ಅಕ್ಟೋಬರ್‌ನಿಂದ ಗಾಡಿ ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ ನಮ್ಮದೇ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಬಂದಿದೆ. ಅದರಲ್ಲಿ ದೊಡ್ಡವರಿಗೆ ಬೇರೆ, ಮಕ್ಕಳಿಗೆ ಬೇರೆ ಸ್ಟಾರ್ ಕೊಡುತ್ತಾರೆ. ಮಕ್ಕಳ ಪರೀಕ್ಷೆಗೆ ಒಂದೂವರೆ ವರ್ಷದ ಮತ್ತು ಮೂರು ವರ್ಷದ ಮಗುವಿನ ಅಳತೆಯ ಗೊಂಬೆ ಇಡುತ್ತಾರೆ. ಆದರೆ ಆ ಗೊಂಬೆಗಳನ್ನು ಯಾರ ತೊಡೆ ಮೇಲೂ ಕೂರಿಸುವುದಿಲ್ಲ! ಮಕ್ಕಳ ಸೀಟಿನಲ್ಲಿ ಸರಿಯಾಗಿ ಕಟ್ಟಿ, ಆಮೇಲೆ ಗಾಡಿ ಗುದ್ದಿಸುತ್ತಾರೆ. ಅಂದರೆ ಸೀಟು ಇಲ್ಲದೆ ಕೂತ ಮಗುವಿಗೆ ಆ ಸ್ಟಾರ್‌ಗಳು ಏನೂ ಹೇಳುವುದಿಲ್ಲ.

ಈಗ ಡ್ರೈವರ್‌ಗಳ ಕಡೆಯಿಂದಲೂ ನೋಡಬೇಕು. ಅವರನ್ನು ಬೈದು ಪ್ರಯೋಜನವಿಲ್ಲ. ಸಾಲ ಮಾಡಿ ಗಾಡಿ ತಂದಿರುತ್ತಾರೆ. ಡಿಕ್ಕಿಯಲ್ಲಿ ಅರ್ಧ ಜಾಗ ಸಿಎನ್‌ಜಿ ಸಿಲಿಂಡರ್‌ಗೆ ಹೋಗಿರುತ್ತದೆ. ಒಂದು ಡಿಜೈರ್‌ನಲ್ಲಿ ಅಜ್ಜ, ಅಜ್ಜಿ, ಗಂಡ, ಹೆಂಡತಿ, ಅತ್ತಿಗೆ, ಎರಡು ಮಕ್ಕಳು, ಮೇಲೆ ಬುತ್ತಿಗಂಟು, ಇಷ್ಟೂ ತುಂಬಿಸಿಕೊಂಡು ಹೋಗುವ ನಮಗೆ ಕೂಸಿಗೆ ಅಂತ ಒಂದು ಪೂರ್ತಿ ಸೀಟು ಬಿಡಿ ಅಂದರೆ ಸಿಟ್ಟು ಬರುತ್ತದೆ. ನನಗೆ ಅನ್ನಿಸುವ ಪ್ರಕಾರ ನಿಜವಾದ ತೊಡಕು ಇದೇ. ಸೀಟಿನ ದುಡ್ಡಿಗಿಂತ ದೊಡ್ಡ ತೊಡಕು. ಮಗುವನ್ನು ನಾವು ತಲೆ ಎಣಿಸುವಾಗ ಸೇರಿಸುವುದೇ ಇಲ್ಲ. ‘ನಾಲ್ಕು ಜನ, ಒಂದು ಕೂಸು’ ಅನ್ನುತ್ತೇವೆ. ಐದು ಜನ ಅನ್ನುವುದಿಲ್ಲ. ಐದು ಜನ ಅಂತ ಎಣಿಸಿದರೆ ಡಿಜೈರ್ ಬದಲು ಎರ್ಟಿಗಾ ಬೇಕಾಗುತ್ತದೆ, ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ ಕೊಡಬೇಕಾಗುತ್ತದೆ. ಕೊಡೋಣ. ಇಲ್ಲವೇ ಒಬ್ಬರು ಬಸ್ಸಿನಲ್ಲಿ ಬರಲಿ.

ಕ್ರೂಸರ್ ಬಗ್ಗೆ ಒಂದು ಮಾತು ಹೇಳಲೇಬೇಕು, ಬಳ್ಳಾರಿ, ಕೊಪ್ಪಳ, ರಾಯಚೂರು, ನಮ್ಮ ಈ ಮೂರೂ ಜಿಲ್ಲೆಯಲ್ಲಿ ಮದುವೆ, ಜಾತ್ರೆ ಅಂದರೆ ಬಹಳ ಜನ ಕೂರುವ ಜೀಪಿನಂಥ ಆ ಗಾಡಿಯೇ. ಅದರ ಹಿಂಭಾಗದಲ್ಲಿ ಎದುರುಬದುರು ಅಡ್ಡ ಸೀಟು ಇರುತ್ತದಲ್ಲ, ಅಲ್ಲಿ ಮಕ್ಕಳ ಸೀಟು ಕಟ್ಟಲು ಬರುವುದಿಲ್ಲ. ಮುಂದಕ್ಕೆ ಮುಖ ಮಾಡಿದ ಸೀಟಿನಲ್ಲಿ, ಭುಜ ಮತ್ತು ಸೊಂಟ ಎರಡನ್ನೂ ಹಿಡಿಯುವ ಬೆಲ್ಟ್ ಇರುವ ಜಾಗದಲ್ಲಿ ಮಾತ್ರ ಕಟ್ಟಬೇಕು. ಹಾಲು ಕುಡಿಯುವ ಕೂಸು ಇದ್ದರೆ ದಿಬ್ಬಣದ ಕ್ರೂಸರ್‌ನಲ್ಲಿ ಹೋಗದೆ ಬೇರೆ ಚಿಕ್ಕ ಗಾಡಿ ಮಾಡಿಕೊಳ್ಳುವುದು ವಾಸಿ.

ಹಾಗಾದರೆ ನಾವು ಏನು ಮಾಡಬಹುದು? ಡ್ರೈವರ್ ಸೀಟು ತರಲಿ ಅಂತ ಕಾಯುವುದಕ್ಕಿಂತ ನಮ್ಮ ಸೀಟು ನಾವೇ ಒಯ್ಯುವುದು ಒಳ್ಳೆಯದು. ನಮ್ಮ ಮಗುವಿನ ತೂಕ, ಎತ್ತರ ನಮಗೇ ಗೊತ್ತು. ಆ ಸೀಟು ಹಿಂದೆ ಅಪಘಾತ ಕಂಡಿದೆಯೋ ಇಲ್ಲವೋ ಅದೂ ನಮಗೇ ಗೊತ್ತು. ಒಮ್ಮೆ ಗುದ್ದಿದ ಗಾಡಿಯಲ್ಲಿದ್ದ ಸೀಟನ್ನು ಮತ್ತೆ ಬಳಸಬಾರದು, ಹೊರಗೆ ಚೆನ್ನಾಗಿ ಕಂಡರೂ ಒಳಗೆ ಬಿರುಕು ಬಿಟ್ಟಿರಬಹುದು. ಕೊಳ್ಳುವಾಗ ಆನ್‌ಲೈನ್‌ನಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ ಬಟ್ಟೆಯ ಸೀಟುಗಳಿಗೆ ಮಾರುಹೋಗಬೇಡಿ. ಅವು ದಿಂಬಿಗೆ ಪಟ್ಟಿ ಹೊಲಿದಿದ್ದು ಅಷ್ಟೇ. ಸೀಟಿನ ಹಿಂದೆ ಅಥವಾ ಕೆಳಗೆ ಆರೆಂಜ್ ಬಣ್ಣದ ಲೇಬಲ್ ಇರಬೇಕು, ಅದರಲ್ಲಿ ವೃತ್ತದೊಳಗೆ ‘ಇ’ ಅನ್ನುವ ಇಂಗ್ಲಿಷ್ ಅಕ್ಷರ, ಪಕ್ಕದಲ್ಲಿ ಒಂದು ಅಂಕಿ, ಮತ್ತು ಆರ್44 ಅಥವಾ ಆರ್129 ಅಂತ ನಮೂದು. ಇವು ಮಕ್ಕಳ ಸೀಟಿನ ಅಂತರರಾಷ್ಟ್ರೀಯ ಸುರಕ್ಷತಾ ನಿಯಮಗಳು. ಆರ್44 ತೂಕದ ಲೆಕ್ಕ, ಕೂಸಿನ ಸೀಟಾದರೆ 13 ಕೆಜಿ ತನಕ, ಅದರ ಮುಂದಿನದು 9ರಿಂದ 18 ಕೆಜಿ. ಆರ್129 ಎತ್ತರದ ಲೆಕ್ಕ, ಅದರಲ್ಲಿ 15 ತಿಂಗಳ ತನಕ ಹಿಂದುಮುಂದಾಗಿಯೇ ಕೂರಿಸಬೇಕು. ನಮ್ಮ ದೇಶದ ಮಾನದಂಡ ಎಐಎಸ್ 072.

ಬಾಡಿಗೆ ಗಾಡಿಗೆ ಅಂತ ಕೊಳ್ಳುವವರು ಒಂದು ವಿಷಯ ನೋಡಿಕೊಳ್ಳಿ. ಐಸೋಫಿಕ್ಸ್, ಅಂದರೆ ಮಕ್ಕಳ ಸೀಟು ಸಿಕ್ಕಿಸಲು ಕಾರಿನಲ್ಲೇ ಇರುವ ಕೊಕ್ಕೆಯಲ್ಲಿ ಮಾತ್ರ ಕೂರುವ ಸೀಟು ಬೇಡ. ಹೊಸ ಕಾರುಗಳಲ್ಲಿ ಆ ಕೊಕ್ಕೆ ಇರುತ್ತದೆ, ಆದರೆ ನಿಮಗೆ ಬರುವ ಗಾಡಿ ಯಾವ ಕಾಲದ್ದೋ ಹೇಳಲು ಆಗುವುದಿಲ್ಲ. ಕಾರಿನ ಬೆಲ್ಟಿನಿಂದಲೂ ಕಟ್ಟಲು ಬರುವಂಥದ್ದೇ ತಗೊಳ್ಳಿ. ಬೆಲ್ಟ್ ಹೋಗುವ ದಾರಿಯನ್ನು ಸೀಟಿನ ಮೇಲೇ ಗುರುತು ಮಾಡಿರುತ್ತಾರೆ, ಸಾಮಾನ್ಯವಾಗಿ ಹಿಂದುಮುಂದಾಗಿ ಕಟ್ಟಲು ನೀಲಿ, ಮುಂದಕ್ಕೆ ಮುಖ ಮಾಡಿ ಕಟ್ಟಲು ಕೆಂಪು. ಕಟ್ಟಿದ ಮೇಲೆ ಬೆಲ್ಟ್ ಹಾದುಹೋದ ಜಾಗದಲ್ಲಿ ಹಿಡಿದು ಅಲುಗಾಡಿಸಿದರೆ ಒಂದು ಇಂಚಿಗಿಂತ ಜಾಸ್ತಿ ಸರಿಯಬಾರದು. ಮಗುವಿನ ಭುಜದ ಪಟ್ಟಿಯನ್ನು ಬೆರಳಲ್ಲಿ ಚಿವುಟಲು ಬರಬಾರದು, ಅಷ್ಟು ಬಿಗಿ ಇರಬೇಕು.

ನಮ್ಮಲ್ಲಿ ಬಾಣಂತನದ ಕೂಸನ್ನು ಕುಲಾಯಿ, ಸ್ವೆಟರ್, ಮೇಲೆ ಒಂದು ಶಾಲು ಹಾಕಿ ಸುತ್ತಿಬಿಡುತ್ತೇವೆ. ಹಾಗೆ ಸುತ್ತಿ ಸೀಟಿನಲ್ಲಿಟ್ಟರೆ ಪಟ್ಟಿ ಮೈಗೆ ತಾಗುವುದೇ ಇಲ್ಲ, ಬಟ್ಟೆಯನ್ನು ಹಿಡಿದಿರುತ್ತದೆ. ತೆಳು ಅಂಗಿ ಹಾಕಿ, ಪಟ್ಟಿ ಬಿಗಿದು, ಆಮೇಲೆ ಶಾಲು ಮೇಲೆ ಹೊದಿಸಿ. ಅಜ್ಜಿಯರು ಇದಕ್ಕೆ ಬೇಗ ಒಪ್ಪುತ್ತಾರೆ, ಕೂಸಿಗೆ ಗಾಳಿ ತಾಗಲಿಲ್ಲ ಅಂದರೆ ಅವರಿಗೆ ಸಮಾಧಾನ. ಇನ್ನು ನಮ್ಮ ರಾಯಚೂರು, ಬಳ್ಳಾರಿಯ ಬೇಸಿಗೆ! 40 ಡಿಗ್ರಿ ದಾಟಿದ ಮಧ್ಯಾಹ್ನ ಬಿಸಿಲಲ್ಲಿ ನಿಂತ ಕಾರಿನ ಬಕಲ್ ಮುಟ್ಟಿದರೆ ಕೈ ಸುಡುತ್ತದೆ. ಗಾಡಿ ನಿಲ್ಲಿಸುವಾಗ ಸೀಟಿನ ಮೇಲೆ ಒಂದು ಬಿಳಿ ಟವೆಲ್ ಹಾಕಿಟ್ಟು, ಕೂರಿಸುವ ಮೊದಲು ಬಕಲ್ ಮುಟ್ಟಿ ನೋಡಿ. ಎರಡು ಗಂಟೆಗೊಮ್ಮೆ ನಿಲ್ಲಿಸಿ, ಎತ್ತಿಕೊಂಡು, ಹಾಲು ಕುಡಿಸಿ. ಅತ್ತರೆ ನಿಲ್ಲಿಸಿ ಎತ್ತಿಕೊಳ್ಳಿ, ಓಡುವ ಗಾಡಿಯಲ್ಲಿ ಬಿಚ್ಚಬೇಡಿ. ಮಗುವನ್ನು ಒಳಗೆ ಬಿಟ್ಟು, ಗ್ಲಾಸು ಏರಿಸಿ, ಎರಡು ನಿಮಿಷ ಅಂತ ಕೂಡ ಇಳಿದು ಹೋಗಬೇಡಿ.

ದುಡ್ಡಿನ ಮಾತು. ಒಳ್ಳೆಯ ಸೀಟು ಸಾವಿರಾರು ರೂಪಾಯಿ ಆಗುತ್ತದೆ. ವರ್ಷಕ್ಕೆ ಕೆಲವೇ ಸಲ ಗಾಡಿ ಮಾಡುವ ಮನೆಗೆ ಅದು ಭಾರ ಅನ್ನಿಸುವುದು ಸಹಜ. ಆದರೆ ನಮ್ಮಲ್ಲಿ ತವರಿನವರು ತೊಟ್ಟಿಲು ಕೊಡುವ ಪದ್ಧತಿ ಇದೆ. ಅನುಕೂಲ ಇದ್ದವರು ಕಲಘಟಗಿಯಿಂದ ಬಣ್ಣದ ತೊಟ್ಟಿಲು ತರಿಸುತ್ತಾರೆ. ಎಷ್ಟು ಚೆಂದ ಇರುತ್ತದೆ ಅದು, ಬೇಡ ಅಂತ ನಾನು ಯಾವತ್ತೂ ಹೇಳುವುದಿಲ್ಲ. ತೊಟ್ಟಿಲ ಕಾರ್ಯಕ್ಕೆ ಬರುವ ಚಿಕ್ಕಪ್ಪ, ದೊಡ್ಡಮ್ಮ, ಆಫೀಸಿನವರು ಎಲ್ಲರೂ ಒಂದೊಂದು ಡ್ರೆಸ್ಸು, ಒಂದೊಂದು ಗಿಲಕಿ ತರುತ್ತಾರೆ. ಆ ಡ್ರೆಸ್ಸುಗಳಲ್ಲಿ ಅರ್ಧ, ಹಾಕುವ ಮೊದಲೇ ಚಿಕ್ಕದಾಗುತ್ತವೆ. ಅದರ ಬದಲು ನಾಲ್ಕು ಜನ ಸೇರಿ ಒಂದು ಸೀಟು ಕೊಟ್ಟರೆ, ಬಾಣಂತಿ ತವರಿನಿಂದ ಹೊರಡುವ ದಿನವೇ ಕೂಸು ಅದರಲ್ಲಿ ಕೂತು ಹೋಗುತ್ತದೆ. ನಮ್ಮ ಮನೆಯಲ್ಲಿ ಅಣ್ಣನ ಮಗಳಿಗೆ ಹೀಗೇ ಮಾಡಿದೆವು. ಮೊದಲು ಅದೇನು ಅಂತ ಎಲ್ಲರೂ ಸುತ್ತ ನಿಂತು ನೋಡಿದರು. ಊಟ ಆದ ಮೇಲೆ ಮಾವ ಅಂಗಳದಲ್ಲಿದ್ದ ಕಾರಿಗೆ ತಾವೇ ಅದನ್ನು ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿ ಕಲಿತರು. ಈಗ ಆ ಮನೆಯಲ್ಲಿ ಸೀಟು ಕಟ್ಟುವುದು ಅವರದೇ ಕೆಲಸ.

ಟ್ಯಾಕ್ಸಿ ಸ್ಟ್ಯಾಂಡಿನವರಿಗೂ ಒಂದು ದಾರಿ ಇದೆ. ಒಬ್ಬೊಬ್ಬರೂ ಸೀಟು ಕೊಳ್ಳಬೇಕಾಗಿಲ್ಲ. ಇಡೀ ಸ್ಟ್ಯಾಂಡಿಗೆ ಕೂಸಿನದೊಂದು, ಸ್ವಲ್ಪ ದೊಡ್ಡ ಮಗುವಿನದೊಂದು ಇಟ್ಟುಕೊಂಡು, ಕೇಳಿದವರಿಗೆ ಅದಕ್ಕೂ ಸ್ವಲ್ಪ ಬಾಡಿಗೆ ಹಾಕಿ ಕೊಡಬಹುದು. ಕ್ಯಾರಿಯರ್‌ಗೆ, ಎಸಿಗೆ ಹಾಕುವುದಿಲ್ವಾ, ಹಾಗೆ. ನನಗೆ ಗುರುತಿನ ಒಬ್ಬರು ಡ್ರೈವರ್‌ಗೆ ಇದನ್ನು ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ, ಕೂಸು ವಾಂತಿ ಮಾಡಿದರೆ ತೊಳೆಯಲು ಬರುತ್ತದಾ ಅಂತ. ಬರುತ್ತದೆ. ಬಟ್ಟೆಯ ಹೊದಿಕೆ ಬಿಚ್ಚಿ ಒಗೆಯಬಹುದು, ಪಟ್ಟಿಯನ್ನು ಮಾತ್ರ ನೆನೆಹಾಕದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಎರಡನೇ ಪ್ರಶ್ನೆ, ಇದರಿಂದ ಗಿರಾಕಿ ಜಾಸ್ತಿ ಬರುತ್ತಾರಾ ಅಂತ. ಹೆರಿಗೆ ಆಸ್ಪತ್ರೆಯ ಎದುರಿನ ಸ್ಟ್ಯಾಂಡಿನಲ್ಲಾದರೂ ಖಂಡಿತ ಬರುತ್ತಾರೆ ಅಂದೆ. ಅವರು ತಮ್ಮ ಗಾಡಿಯ ಹಿಂದಿನ ಬೆಲ್ಟುಗಳನ್ನು ಆಗಲೇ ಹೊರಗೆ ತೆಗೆದಿದ್ದಾರೆ. ಸೀಟಿನ ವಿಷಯ ಸ್ಟ್ಯಾಂಡಿನಲ್ಲಿ ಇನ್ನೂ ಮಾತಾಗುತ್ತಿದೆ.

ನಮ್ಮ ಮಗಳು ಕೂಸಿದ್ದಾಗ ಬಳಸಿದ, 13 ಕೆಜಿ ತನಕ ಬರುವ ಸೀಟು ಈಗ ಮನೆಯಲ್ಲಿ ಖಾಲಿ ಇದೆ. ಯಾವ ಅಪಘಾತವೂ ಕಂಡಿಲ್ಲ, ಲೇಬಲ್ ಇದೆ, ಬೆಲ್ಟಿನಿಂದ ಕಟ್ಟುವಂಥದ್ದು. ನಮ್ಮ ಓಣಿಯಲ್ಲಿ ಯಾರದಾದರೂ ಹೆರಿಗೆ ಆದಾಗ ಅದು ಅವರ ಮನೆಗೆ ಹೋಗಿ ಬರುತ್ತದೆ. ಬಳ್ಳಾರಿಯಲ್ಲಿರುವ ಪರಿಚಯದವರು ಯಾರಿಗಾದರೂ ಬೇಕಿದ್ದರೆ ಕೇಳಿ. ಹಿಂದಿನ ದಿನ ಸಂಜೆ ಬಂದರೆ ಕಟ್ಟುವುದನ್ನೂ ತೋರಿಸಿಕೊಡುತ್ತೇನೆ, ಬೆಳಗ್ಗೆ ಗಾಡಿ ಬಾಗಿಲಲ್ಲಿ ನಿಂತು ಹಾರ್ನ್ ಹೊಡೆಯುವಾಗ ಕಲಿಯಲು ಆಗುವುದಿಲ್ಲ.